ಶೋನಾವ್ ಊರಿನ ಕರೆಂಟ್ ಬಿಲ್ಲು

ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಒಂದು ಚಿಕ್ಕ ರೈಲು ವೀಜೆ ಹೊಳೆಯ ಜೊತೆಜೊತೆಗೇ ಮೇಲಕ್ಕೆ ಹೋಗುತ್ತದೆ. ತ್ಸೆಲ್ ಅನ್ನೋ ಊರಿಗೆ ಹಳಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಸ್ಸು. ಎರಡೂ ಕಡೆ ಗುಡ್ಡ, ಗುಡ್ಡದ ತುಂಬ ಮೋಡ ಕವಿದಂತೆ ಕಪ್ಪಗೆ ಕಾಣುವ ಮರಗಳು. ಸ್ವಲ್ಪ ಹೊತ್ತಿಗೆ ಕಣಿವೆ ಅಗಲವಾಗಿ ಶೋನಾವ್ ಬರುತ್ತದೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನ ತೆಂಕಣ ಮೂಲೆಯ ಊರು. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹಳ್ಳಿಗಳು ಬೇಕಾದಷ್ಟಿವೆ.

ಬಾಸೆಲ್‌ನಲ್ಲಿ ಕೆಲಸಕ್ಕಿದ್ದಾಗ ಒಂದು ಶನಿವಾರ ನಾನು ಅಲ್ಲಿಗೆ ಹೋದೆ. ಕಂಪನಿಯಿಂದ ಕರೆಂಟಿನ ತಂತಿಯನ್ನೇ ಕೊಂಡುಕೊಂಡ ಈ ಊರಿನ ಬಗ್ಗೆ ಓದಿ ವರ್ಷಗಳಾಗಿದ್ದವು. ಮನೆಮನೆಯ ಮೇಲೂ ಸೋಲಾರ್, ಗುಡ್ಡಗುಡ್ಡದ ಮೇಲೂ ಗಾಳಿಯಂತ್ರ, ಹಾಗೇನೋ ಇರಬೇಕು ಅಂದುಕೊಂಡಿದ್ದೆ. ಬಸ್ಸಿಳಿದು ನೋಡಿದರೆ ಸುಮ್ನೆ ಒಂದು ಊರು. ಬೇಕರಿ, ಔಷಧಿ ಅಂಗಡಿ, ಬಾಗಿಲು ಮುಚ್ಚಿದ ಬ್ಯಾಂಕು. ಒಂದು ಮುದುಕಿ ಬಕೆಟ್ ಹಿಡಿದು ಮನೆ ಮುಂದಿನ ಮೆಟ್ಟಿಲು ತೊಳೆಯುತ್ತಿದ್ದರು. ಸ್ವಲ್ಪ ನಡೆದು ತಲೆಯೆತ್ತಿದಾಗ ಪ್ರಾಟೆಸ್ಟಂಟರ ಚರ್ಚು ಕಾಣಿಸಿತು. ಅದರ ಛಾವಣಿಯ ತುಂಬ ಸೋಲಾರ್ ಹಲಗೆ. ಗಂಟೆ ಗೋಪುರದ ಪಕ್ಕ ನೀಲಿ-ಕಪ್ಪು ಬಣ್ಣದಲ್ಲಿ ಬಿಸಿಲಿಗೆ ಮಿಂಚುತ್ತಿತ್ತು. 1999ರಲ್ಲಿ ಹಾಕಿದ್ದು. ದೇವರ ಮನೆಯ ಮೇಲೆ ಇಂಥದ್ದು ಹಾಕೋಕೆ ಊರು ಒಪ್ಪಬೇಕು ಅಂದರೆ ಅದಕ್ಕೂ ಮೊದಲು ಆ ಊರಿನಲ್ಲಿ ಎಷ್ಟು ಮಾತು ಆಗಿರಬೇಕು, ಅಲ್ವಾ? ನಾನು ಹೇಳಬೇಕು ಅಂತಿರೋದು ಆ ಮಾತಿನ ಕಥೆಯನ್ನೇ.

1986ರ ಏಪ್ರಿಲ್ 26. ಚೆರ್ನೋಬಿಲ್ ಅಣು ಸ್ಥಾವರ ಸ್ಫೋಟಿಸಿತು. ಕೆಲವೇ ದಿನಗಳಲ್ಲಿ ಅಲ್ಲಿಂದ ಎದ್ದ ಧೂಳು ಗಾಳಿಯಲ್ಲಿ ತೇಲಿ ಬಂದು, ಮಳೆಯ ಜೊತೆ ತೆಂಕಣ ಜರ್ಮನಿಯ ಮೇಲೂ ಇಳಿಯಿತು. ಮಕ್ಕಳನ್ನು ಮರಳಿನಲ್ಲಿ ಆಡೋಕೆ ಬಿಡಬಹುದಾ, ಹಾಲು ಕುಡಿಸಬಹುದಾ, ಹಿತ್ತಲ ಸೊಪ್ಪು ತಿನ್ನಬಹುದಾ, ಯಾರಿಗೂ ಗೊತ್ತಿರಲಿಲ್ಲ. ಶೋನಾವ್‌ನಲ್ಲಿ ಒಬ್ಬ ತಂದೆ ಸ್ಥಳೀಯ ಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು ಹಾಕಿದರು. ಏನಾದರೂ ಮಾಡಬೇಕು ಅನ್ನಿಸಿದವರು ಬನ್ನಿ ಅಂತ. ಕೆಲವು ಅಪ್ಪ-ಅಮ್ಮಂದಿರು ಒಟ್ಟಾದರು. ಅವರಲ್ಲಿ ಉರ್ಸುಲಾ ಸ್ಲಾಡೆಕ್ ಒಬ್ಬರು. ಶಾಲಾ ಶಿಕ್ಷಕಿಯಾಗಿ ತರಬೇತಿ ಪಡೆದವರು, ಐದು ಮಕ್ಕಳ ತಾಯಿ. ಅವರ ಗಂಡ ಮಿಖಾಯೆಲ್ ಸ್ಲಾಡೆಕ್ ಊರಿನ ಡಾಕ್ಟರು.

ಅವರಲ್ಲಿ ಯಾರೂ ಕರೆಂಟಿನ ವಿಷಯ ಓದಿದವರಲ್ಲ. ಅಣು ಸ್ಥಾವರ ಬೇಡ ಅಂದರೆ ಮೊದಲು ಕರೆಂಟು ಕಡಿಮೆ ಸುಡಬೇಕು ಅನ್ನೋದಷ್ಟೇ ಅವರಿಗೆ ಹೊಳೆದದ್ದು. ಹಾಗಾಗಿ ಊರಿನಲ್ಲಿ ಕರೆಂಟ್ ಉಳಿಸುವ ಸ್ಪರ್ಧೆ ಇಟ್ಟರು. ಯಾವ ಮನೆ ಹೆಚ್ಚು ಉಳಿಸುತ್ತದೋ ಅದಕ್ಕೆ ಬಹುಮಾನ. ಜನ ಮೀಟರ್ ಓದೋದು ಕಲಿತರು.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಪಡಸಾಲೆಯ ಮೀಟರ್ ನೆನಪಾಗುತ್ತದೆ. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಬಾಗಿಲ ಮೇಲೆ ಮರದ ಹಲಗೆ, ಅದರ ಮೇಲೆ ಗಾಜಿನ ಮುಖದ ಹಳೆ ಮೀಟರ್. ಒಳಗೆ ತೆಳ್ಳನೆ ಅಲ್ಯೂಮಿನಿಯಂ ಚಕ್ರ. ಅದರ ಅಂಚಿಗೆ ಒಂದು ಕಡೆ ಕೆಂಪು ಗುರುತು. ಒಂದೇ ಬಲ್ಬು ಉರಿಯುವಾಗ ಆ ಕೆಂಪು ಗುರುತು ಒಂದು ಸುತ್ತು ಬರೋದನ್ನು ಕಾಯ್ತಾ ಕೂತರೆ ನಿದ್ದೆ ಬರಬೇಕು, ಅಷ್ಟು ನಿಧಾನ. ಅಣ್ಣ ಇಸ್ತ್ರಿ ಪೆಟ್ಟಿಗೆ ಹಚ್ಚಿದ ತಕ್ಷಣ ಗಿರ್ರನೆ ಸುತ್ತಿಕೊಳ್ಳುತ್ತಿತ್ತು. ಅವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, "ಅಂಗಿ ಇಸ್ತ್ರಿ ಮಾಡಾಕತ್ತೀಯೋ ಏನ್ ಚಕ್ರಾ ತಿರಗಿಸಾಕತ್ತೀಯೋ?" ಅವ್ವ ಶಾಲೆ ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ಆದರೆ ಯಾವ ಸಾಮಾನು ಎಷ್ಟು ಕರೆಂಟು ತಿನ್ನುತ್ತದೆ ಅನ್ನೋದು ಆ ಚಕ್ರದಿಂದಲೇ ಅವಳಿಗೆ ಗೊತ್ತಿತ್ತು. ಈಗಿನ ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ. ಅದನ್ನು ಯಾರೂ ನೋಡಲ್ಲ.

ಶೋನಾವ್‌ನ ಜನ ಹಾಗೆ ಮೀಟರ್ ನೋಡಿ ನೋಡಿ, ಮುಂದೆ ಬಿಲ್ಲನ್ನೂ ನೋಡತೊಡಗಿದರು. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಬಿಲ್ಲಿನಲ್ಲಿ ಎರಡು ಭಾಗ. ಒಂದು, ಎಷ್ಟು ಸುಟ್ಟರೂ ಸುಡದಿದ್ದರೂ ಕಟ್ಟಲೇಬೇಕಾದ ಹಣ, ನಾವು ಫಿಕ್ಸೆಡ್ ಚಾರ್ಜ್ ಅಂತೀವಲ್ಲ, ಅದು. ಇನ್ನೊಂದು ಯೂನಿಟ್ ಲೆಕ್ಕ. ಮೊದಲನೆಯದು ದೊಡ್ಡದಾದಷ್ಟೂ ಉಳಿಸಿದವರಿಗೆ ಲಾಭ ಕಡಿಮೆ. ಕಷ್ಟಪಟ್ಟು ಅರ್ಧ ಕರೆಂಟ್ ಉಳಿಸಿದರೂ ಬಿಲ್ಲು ಅರ್ಧ ಆಗಲ್ಲ. ಅವರು ಕಂಪನಿಗೆ ಹೋಗಿ ಕೇಳಿದರು. ಫಿಕ್ಸೆಡ್ ಹಣ ಇಳಿಸಿ, ಯೂನಿಟ್ ದರ ಬೇಕಾದರೆ ಏರಿಸಿ, ಉಳಿಸಿದವರಿಗೆ ಉಳಿಸಿದ್ದು ಕಾಣಲಿ. ಆ ಭಾಗಕ್ಕೆ ಕರೆಂಟು ಕೊಡುತ್ತಿದ್ದದ್ದು ಕೆಡಬ್ಲ್ಯೂಆರ್ ಅನ್ನೋ ಕಂಪನಿ. ಅದು ಒಪ್ಪಲಿಲ್ಲ. ಕರೆಂಟು ಮಾರಿ ಬದುಕುವ ಕಂಪನಿ, ಕಡಿಮೆ ಕೊಳ್ಳಿ ಅಂತ ಜನರಿಗೆ ಯಾಕೆ ಹೇಳೀತು?

ನನ್ನ ಮಟ್ಟಿಗೆ ಶೋನಾವ್ ಬದಲಾದದ್ದು ಇಲ್ಲಿ. ಸೋಲಾರ್ ಹಲಗೆ ಇನ್ನೂ ಬಂದಿರಲಿಲ್ಲ. ಗಾಳಿಯಂತ್ರದ ಮಾತೇ ಇಲ್ಲ. ಕಂಬ ಮತ್ತು ತಂತಿ ಯಾರದೋ ಅವರ ಮಾತೇ ನಡೆಯೋದು ಅನ್ನೋದು ಒಂದು ಊರಿಗೆ ಅರ್ಥವಾಯಿತು, ಅಷ್ಟೆ. ಒಮ್ಮೆ ಅರ್ಥವಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ.

ಊರಿನ ರಸ್ತೆಗಳ ಕೆಳಗೆ, ಮೇಲೆ ತಂತಿ ಎಳೆಯಲು ಕಂಪನಿಗೆ ನಗರಸಭೆ ಒಪ್ಪಂದದ ಮೇಲೆ ಹಕ್ಕು ಕೊಟ್ಟಿತ್ತು. ಆ ಒಪ್ಪಂದ 1994ಕ್ಕೆ ಮುಗಿಯಬೇಕಿತ್ತು. ಕಂಪನಿ 1990ರಲ್ಲೇ ಬಂದು, ಈಗಲೇ ಮತ್ತೆ 20 ವರ್ಷಕ್ಕೆ ಸಹಿ ಹಾಕಿ, ಒಂದು ಲಕ್ಷ ಮಾರ್ಕ್ (ಜರ್ಮನಿಯ ಆಗಿನ ನಾಣ್ಯ) ಕೊಡುತ್ತೇವೆ ಅಂದಿತು. ಈ ಅಪ್ಪ-ಅಮ್ಮಂದಿರ ಗುಂಪು ಮನೆಮನೆ ತಿರುಗಿ ಹಣದ ಭರವಸೆ ಕೂಡಿಸಿ, ಸಹಿ ಹಾಕಬೇಡಿ, ಆ ಒಂದು ಲಕ್ಷ ನಾವೇ ಕೊಡುತ್ತೇವೆ ಅಂದಿತು. ಆದರೂ ನಗರಸಭೆ ಕಂಪನಿಯ ಕಡೆಗೇ ಮತ ಹಾಕಿತು. ಗುಂಪು ಜನರ ಬಳಿ ಹೋಯಿತು. 1991ರ ಅಕ್ಟೋಬರ್ 27ರಂದು ಇಡೀ ಊರು ಮತ ಹಾಕಿತು. ನಗರಸಭೆಯ ತೀರ್ಮಾನ ಬಿದ್ದುಹೋಯಿತು. ಗುಂಪಿನ ಪರ ಶೇ. 55.7.

ಆಮೇಲಿನ ವರ್ಷಗಳು ಸುಲಭದವಲ್ಲ. ಊರು ಎರಡಾಯಿತು. ಡಾಕ್ಟರು, ಟೀಚರು ಸೇರಿ ಕರೆಂಟ್ ಕಂಪನಿ ನಡೆಸೋದು ಅಂದರೆ ಮಕ್ಕಳಾಟವಾ, ದೀಪ ಹೋದರೆ ಯಾರು ಕಂಬ ಹತ್ತುತ್ತಾರೆ ಅಂತ ಒಂದು ಕಡೆಯವರು ಕೇಳುತ್ತಿದ್ದರು. ಕೇಳಿದ್ದು ತಪ್ಪಲ್ಲ, ನಾನು ಅಲ್ಲಿದ್ದಿದ್ದರೆ ನನಗೂ ಭಯ ಆಗುತ್ತಿತ್ತು. ಗುಂಪಿನವರು ಅದಕ್ಕೆ ಉತ್ತರ ಹುಡುಕುತ್ತ ಕೂತರು. ತಿಳಿದ ಎಂಜಿನಿಯರುಗಳನ್ನು ಕರೆಸಿ ಲೆಕ್ಕ ಹಾಕಿಸಿದರು. 1994ರಲ್ಲಿ ತಮ್ಮದೇ ಕರೆಂಟ್ ಸಂಸ್ಥೆ ಕಟ್ಟಿದರು, ಇಡಬ್ಲ್ಯೂಎಸ್ ಶೋನಾವ್ ಅಂತ. 1995ರ ಕೊನೆಗೆ ನಗರಸಭೆ ಈ ಸಂಸ್ಥೆಗೇ ಹಕ್ಕು ಕೊಟ್ಟಿತು. ಈ ಸಲ ಎದುರು ಪಕ್ಷದವರು ಜನಮತ ಕೇಳಿದರು. 1996ರ ಮಾರ್ಚ್ 10ರಂದು ಮತ್ತೆ ಮತದಾನ. ನೂರಕ್ಕೆ 84 ಜನ ಬಂದು ಮತ ಹಾಕಿದರು. ಶೇ. 52.4 ಪರ. ಇಷ್ಟು ಚಿಕ್ಕ ಊರಿನಲ್ಲಿ ಆ ಅಂತರ ಅಂದರೆ ಒಂದೆರಡು ಓಣಿಯ ಮತ. ಆ ಒಂದೆರಡು ಓಣಿಯಲ್ಲಿ ಯಾರೋ ಎಷ್ಟು ಸಲ ಬಾಗಿಲು ಬಡಿದು, ಅಡುಗೆಮನೆಯಲ್ಲಿ ಕೂತು ಮಾತಾಡಿರಬೇಕು.

ಗೆದ್ದ ಮೇಲೆ ಹಣದ ಪ್ರಶ್ನೆ. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲ ಕಂಪನಿಯದು. ಬೆಲೆ ಹೇಳಿ ಅಂದರೆ 87 ಲಕ್ಷ ಮಾರ್ಕ್ ಅಂದಿತು. ಊರಿನವರು ಹಾಕಿಸಿದ ಲೆಕ್ಕದಲ್ಲಿ ಅದು 40 ಲಕ್ಷದ ಒಳಗೇ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಕಾಯಬೇಕು. ಕಾಯೋದರೊಳಗೆ ಊರಿನ ಹುಮ್ಮಸ್ಸು ಆರಿಹೋಗುತ್ತದೆ. ಹಾಗಾಗಿ ಮೊದಲು ಕೊಂಡುಬಿಡೋಣ, ಜಗಳ ಆಮೇಲೆ ಅಂತ ನಿರ್ಧರಿಸಿದರು. ಬೋಹುಮ್ ನಗರದ ಜಿಎಲ್‌ಎಸ್ ಬ್ಯಾಂಕ್ ಹಣ ಕೂಡಿಸಲು ನೆರವಾಯಿತು. ಊರಿನವರೂ ಹಣ ಹಾಕಿದರು. ಉಳಿದದ್ದಕ್ಕೆ ಇಡೀ ಜರ್ಮನಿಯ ಮುಂದೆ ಕೈಚಾಚಿದರು. ಒಂದು ಜಾಹೀರಾತು ಸಂಸ್ಥೆ ಅವರಿಗಾಗಿ ಪುಕ್ಕಟೆ ಪ್ರಚಾರ ಮಾಡಿಕೊಟ್ಟಿತು.

ಆ ಪ್ರಚಾರದ ಸಾಲು ನನಗೆ ತುಂಬಾ ಇಷ್ಟ. ಅಣು ಸ್ಥಾವರದಲ್ಲಿ ಏನಾದರೂ ಕೆಟ್ಟರೆ ಜರ್ಮನಿಯಲ್ಲಿ ಅದಕ್ಕೆ 'ಷ್ಟೋರ್‌ಫಾಲ್' ಅಂತಾರೆ. ನಮ್ಮ ಮಾತಿನಲ್ಲಿ ಎಡವಟ್ಟು ಅನ್ನಬಹುದು. ಪೋಸ್ಟರಿನಲ್ಲಿ ಊರಿನ ಸಾಮಾನ್ಯ ಜನರ ಮುಖ. ಕೆಳಗೆ ಒಂದೇ ಮಾತು. "ನಾನೇ ಎಡವಟ್ಟು." ದೊಡ್ಡ ಕಂಪನಿಗಳ ಲೆಕ್ಕಾಚಾರಕ್ಕೆ ಅಡ್ಡ ನಿಂತವರು ನಾವೇ ಅಂತ ಒಬ್ಬ ಅಜ್ಜ, ಒಬ್ಬ ಹುಡುಗಿ ಎದೆಯೆತ್ತಿ ಹೇಳಿಕೊಳ್ಳೋದು. ದೇಶದ ಎಲ್ಲ ಕಡೆಯಿಂದ ಹಣ ಬಂತು. ಕೊನೆಗೆ ಕಂಪನಿ 58 ಲಕ್ಷದ ಹತ್ತಿರಕ್ಕೆ ಇಳಿಯಿತು. 1997ರ ಜುಲೈ 1ರಂದು ಊರಿನ ತಂತಿ ಊರಿನದಾಯಿತು. ಮುಂದೆ ಕಾನೂನು ಹೋರಾಟದಲ್ಲಿ, ಊರಿನವರು ಜಾಸ್ತಿ ಕೊಟ್ಟಿದ್ದರು ಅಂತಲೇ ಸಾಬೀತಾಗಿ ಒಂದಷ್ಟು ಹಣ ವಾಪಸ್ ಬಂತು.

ಆ ದಿನ ದೀಪ ಹೋಗಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಇಷ್ಟು ವರ್ಷ ಊರು ಹೆದರಿದ್ದು ಅದಕ್ಕೇ ಅಲ್ವಾ?

ಸೋಲಾರ್, ನೀರು, ಗಾಳಿ ಎಲ್ಲ ಬಂದದ್ದು ಇದರ ಹಿಂದೆಯೇ. 1998ರಲ್ಲಿ ಜರ್ಮನಿಯಲ್ಲಿ ಯಾರು ಯಾರಿಂದ ಬೇಕಾದರೂ ಕರೆಂಟು ಕೊಳ್ಳಬಹುದು ಅನ್ನೋ ಕಾನೂನು ಬಂತು. ಶೋನಾವ್‌ನ ಸಂಸ್ಥೆ ದೇಶಕ್ಕೆಲ್ಲ ಅಣು ಇಲ್ಲದ, ಕಲ್ಲಿದ್ದಲಿಲ್ಲದ ಕರೆಂಟು ಮಾರತೊಡಗಿತು. ಇವತ್ತು ಎರಡು ಲಕ್ಷಕ್ಕೂ ಹೆಚ್ಚು ಗಿರಾಕಿಗಳು. ಪ್ರತಿ ಯೂನಿಟ್ಟಿನ ಮೇಲೆ ಒಂದು ಚಿಕ್ಕ ಮೊತ್ತ ಬೇರೆಯಾಗಿ ಹಿಡಿದು, ಅದನ್ನು ಹೊಸದಾಗಿ ಸೋಲಾರ್‌ನಂಥದ್ದು ಹಾಕುವವರಿಗೆ ಕೊಡುತ್ತಾರೆ. ಅದಕ್ಕೆ 'ಸೂರ್ಯನ ಕಾಸು' ಅನ್ನೋ ಅರ್ಥದ ಹೆಸರಿಟ್ಟರು. 2009ರಲ್ಲಿ ಸಂಸ್ಥೆ ಸಹಕಾರಿ ಸಂಘವಾಯಿತು. 2011ರಲ್ಲಿ ಉರ್ಸುಲಾ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಹತ್ತಿರದ ರೋರೆನ್‌ಕೋಫ್ ಗುಡ್ಡದ ಮೇಲೆ ಅವರ ಐದು ಗಾಳಿಯಂತ್ರಗಳಿವೆ. 2023ರ ಏಪ್ರಿಲ್ 15ರಂದು ಜರ್ಮನಿಯ ಕೊನೆಯ ಮೂರು ಅಣು ಸ್ಥಾವರ ಮುಚ್ಚಿದವು.

ಒಂದು ಮಾತು ಬಿಚ್ಚಿ ಹೇಳಬೇಕು. ಶೋನಾವ್ ತನಗೂ ತನ್ನ ಗಿರಾಕಿಗಳಿಗೂ ಬೇಕಾದ ಕರೆಂಟನ್ನೆಲ್ಲ ತನ್ನ ಕಣಿವೆಯಲ್ಲೇ ಮಾಡುತ್ತದೆ ಅಂತ ತಿಳಿಯಬಾರದು. ಬಹುಪಾಲು ಹೊರಗಿನ ಜಲವಿದ್ಯುತ್ತು. ಚಳಿಗಾಲದಲ್ಲಿ ಅಲ್ಲಿ ಐದು ಗಂಟೆಗೆಲ್ಲ ಕತ್ತಲು. ಚರ್ಚಿನ ಹಲಗೆ ಡಿಸೆಂಬರಿನಲ್ಲಿ ಎಷ್ಟು ಕೊಟ್ಟೀತು? ಅಣು ಬೇಕಾ ಬೇಡವಾ ಅನ್ನೋದರಲ್ಲೂ ತಿಳಿದವರು ಇನ್ನೂ ಎರಡು ಮಾತಾಡುತ್ತಾರೆ. ಅವೆಲ್ಲ ಇರಲಿ. ತಾನು ಸುಡುವ ಕರೆಂಟು ಎಲ್ಲಿಂದ ಬರುತ್ತದೆ ಅಂತ ಕೇಳುವ, ಕೇಳಿ ತೀರ್ಮಾನಿಸುವ ಹಕ್ಕು ಆ ಊರಿಗೆ ಇದೆ. ಅದನ್ನು ಅವರು ದುಡ್ಡು ಕೊಟ್ಟು ಕೊಂಡರು.

ಸಂಜೆ ವಾಪಸ್ ಬಸ್ಸಿಗೆ ಕಾಯುವಾಗ ನನಗೆ ಥಟ್ಟನೆ ಹುಕ್ಕೇರಿ ನೆನಪಾಯಿತು.

ನನ್ನ ಸೋದರತ್ತೆಯ ಊರು ಹುಕ್ಕೇರಿ ತಾಲ್ಲೂಕಿನಲ್ಲಿದೆ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ಅಲ್ಲಿನ ಕರೆಂಟ್ ಬಿಲ್ಲಿನ ಮೇಲೆ ಬೇರೆ ಹೆಸರು ಇರುತ್ತಿತ್ತು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ್ದು. ಆ ಹೊತ್ತಿಗೆ ದೇಶದ ಐದು ಕಡೆ ಪ್ರಯೋಗಕ್ಕೆಂದು ಇಂಥ ಸಂಘ ಕಟ್ಟಿದ್ದರು. ಕರ್ನಾಟಕದಲ್ಲಿ ಇರೋದು ಇದೊಂದೇ. ರಾಜ್ಯದಲ್ಲಿ ಕರೆಂಟಿನ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ ಪ್ರತಿ ಸಲ ದರದ ಆದೇಶ ಹೊರಡಿಸುವಾಗ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಅನ್ನೋ ಸರ್ಕಾರಿ ಕರೆಂಟ್ ಕಂಪನಿಗಳ ಸಾಲಿನಲ್ಲಿ ಈ ಒಂದು ತಾಲ್ಲೂಕಿನ ಸಂಘದ ಹೆಸರೂ ಇರುತ್ತದೆ. ಮಾಮಾ ಅದರ ಸದಸ್ಯ. ಷೇರಿನ ಕಾಗದ ಅತ್ತೆಯ ಟ್ರಂಕಿನಲ್ಲಿ, ಹೊಲದ ಉತಾರದ ಜೊತೆ ಮಡಚಿ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಮಾಮಾ ತೀರಿಕೊಂಡ ಮೇಲೆ ಅದು ಅತ್ತೆಯ ಹೆಸರಿಗೆ ಆಯಿತು.

ಲೆಕ್ಕ ಹಾಕಿ ನೋಡಿ. ಶೋನಾವ್ ತನ್ನ ತಂತಿಗೆ ಒಡೆಯನಾಗಿದ್ದು 1997ರಲ್ಲಿ. ಹುಕ್ಕೇರಿ ಅದಕ್ಕಿಂತ 28 ವರ್ಷ ಮೊದಲೇ ಆ ದಾರಿ ಹಿಡಿದಿತ್ತು. ಅಂಥದ್ದೊಂದು ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು, ನಾನು ಅದನ್ನು ಕಾಣೋಕೆ ಜರ್ಮನಿಯ ಬಸ್ ಸ್ಟ್ಯಾಂಡಿಗೆ ಬರಬೇಕಾಯಿತು.

ಅಲ್ಲಿ ಬಿಲ್ಲಿನಿಂದ ಎದ್ದ ಪ್ರಶ್ನೆ ಜನರನ್ನು ತಂತಿಯವರೆಗೆ ಕರೆದೊಯ್ದಿತು. ಇಲ್ಲಿ ತಂತಿ ಮೊದಲು ಬಂತು, ಹಳ್ಳಿಗೆ ಬೆಳಕು ಬರಲಿ ಅಂತ. ಅದು ಬಹಳ ದೊಡ್ಡ ಕೆಲಸ. ಆದರೆ ಕರೆಂಟು ಯಾವುದರಿಂದ ಆಗಬೇಕು ಅನ್ನೋ ಮಾತು ನಮ್ಮ ಊರುಗಳಲ್ಲಿ ಇನ್ನೂ ಚಹಾದಂಗಡಿಗೆ ಬಂದಿಲ್ಲ. ಬರೋಕೆ ಇದೇ ಸಮಯ ಅನ್ನೋದು ನನ್ನ ಅನಿಸಿಕೆ. ನಮ್ಮಲ್ಲಿ ಬಿಸಿಲಿಗೇನು ಬರವೇ? ಡಿಸೆಂಬರಿನಲ್ಲೂ ಹಪ್ಪಳ ಒಣಗುವಷ್ಟು ಬಿಸಿಲು.

ಇದನ್ನು ಹೇಳುವಾಗ ನನಗೆ ಕಾಣೋದು ಅಪ್ಪನ ಬ್ಯಾಟರಿ. ನಮ್ಮೂರಿನಲ್ಲಿ ಪಂಪಿಗೆ ತ್ರೀ ಫೇಸ್ ಬರುತ್ತಿದ್ದದ್ದು ಎಷ್ಟೋ ಸಲ ರಾತ್ರಿ. ಒಂದು ಗಂಟೆಗೋ ಎರಡು ಗಂಟೆಗೋ ಅಪ್ಪ ಎದ್ದು, ಕಂಬಳಿ ಹೊದ್ದು, ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಹಾಯಿಸೋಕೆ ಹೋಗುತ್ತಿದ್ದರು. ಕಬ್ಬಿನ ಸಾಲಿನಲ್ಲಿ ಹಾವು ಇರುತ್ತವೆ. ಅಪ್ಪ ಮರಳಿ ಬಂದು ಬಚ್ಚಲಲ್ಲಿ ಕಾಲು ತೊಳೆಯುವ ಸಪ್ಪಳ ಕೇಳಿದ ಮೇಲೇ ಅವ್ವ ಮಗ್ಗುಲು ಬದಲಿಸುತ್ತಿದ್ದಳು. ಸೋಲಾರ್ ಅಂದರೆ ಪೇಟೆಯವರಿಗೆ ಹೊಗೆ ಕಡಿಮೆ, ಬಿಲ್ಲು ಕಡಿಮೆ. ನೀರು ಹಾಯಿಸುವ ಮನೆಗೆ ಅದು ಹಗಲು ಕರೆಂಟು. ಬಿಸಿಲಿದ್ದಾಗ ಪಂಪು ಓಡುತ್ತದೆ, ಮನುಷ್ಯ ರಾತ್ರಿ ಮಲಗುತ್ತಾನೆ. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಹಾಕಿ ಪಂಪ್‌ಸೆಟ್ ಫೀಡರುಗಳಿಗೆ ಹಗಲಲ್ಲಿ ಕರೆಂಟು ಕೊಡುವ ಕುಸುಮ್-ಸಿ ಯೋಜನೆಯ ಬಗ್ಗೆ ನನಗೆ ಇಷ್ಟು ಆಸೆ ಇರೋದು ಅದಕ್ಕೇ.

ಪಾವಗಡದ ಸೋಲಾರ್ ಪಾರ್ಕ್ ಇಲ್ವಾ ಅಂತ ನೀವು ಕೇಳಬಹುದು. ಇದೆ, 2,050 ಮೆಗಾವ್ಯಾಟ್. ಐದು ಹಳ್ಳಿಗಳ ಸುಮಾರು 13,000 ಎಕರೆ. ರೈತರ ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಹಿಡಿದದ್ದು ಒಳ್ಳೆಯ ಕೆಲಸ. ಜಮೀನು ಇದ್ದವರಿಗೆ ಬಾಡಿಗೆ ಬಂತು, ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ದೊಡ್ಡ ಪಾರ್ಕು ನಾಡಿಗೆ ಬೇಕು. ಆದರೆ ಅದರಿಂದ ಒಂದು ಊರಿನ ಮನಸ್ಸು ಬದಲಾಗಲ್ಲ. ಬೇಲಿಯಾಚೆ ಯಾರೋ ಮಾಡುವ ಕೆಲಸ ಅದು.

ಉಳಿಸುವ ಮಾತಿಗೆ ಬಂದರೂ ಅಷ್ಟೇ. ಗೃಹಜ್ಯೋತಿ ಬಂದಾಗ ನಮ್ಮ ಓಣಿಯ ಎಷ್ಟೋ ಮನೆಗೆ ಉಸಿರು ಬಂತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ ಎಷ್ಟು ಯೂನಿಟ್ ಉಚಿತ ಅಂತ ತೀರ್ಮಾನ ಆದದ್ದು 2022-23ರ ಸರಾಸರಿ ಬಳಕೆಯ ಮೇಲೆ. ಅಂದರೆ ಅವ್ವನ ಹಾಗೆ ಮೊದಲಿಂದ ಚಕ್ರ ನೋಡಿ ನೋಡಿ ಉಳಿಸಿದವರಿಗೆ ಕೋಟಾ ಕಡಿಮೆ, ಮನಸ್ಸಿಗೆ ಬಂದಂತೆ ಸುಟ್ಟವರಿಗೆ ಜಾಸ್ತಿ. 1980ರ ದಶಕದಲ್ಲಿ ಶೋನಾವ್‌ನ ಅಮ್ಮಂದಿರು ಕಂಪನಿಯ ಮುಂದೆ ಕೂತು ಕೇಳಿದ್ದೂ ಇದನ್ನೇ ತಾನೇ? ಉಳಿಸಿದವರಿಗೆ ಉಳಿಸಿದ್ದು ಕಾಣಲಿ ಅಂತ. ಕೆಇಆರ್‌ಸಿ ದರ ನಿಗದಿ ಮಾಡುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕಳಿಸಬಹುದು. ನನಗೆ ಇದು ಗೊತ್ತಾಗಿದ್ದೂ ತೀರಾ ಈಚೆಗೆ.

ಕಳೆದ ಭಾನುವಾರ ಅತ್ತೆಗೆ ಫೋನ್ ಮಾಡಿದೆ. ಬಿಲ್ಲಿನ ಫೋಟೋ ಕಳಿಸು ಅಂದೆ. ವಾಟ್ಸಾಪಿನಲ್ಲಿ ಬಂತು, ಸ್ವಲ್ಪ ಮಸುಕು, ಮೂಲೆಯಲ್ಲಿ ಅವಳ ಹೆಬ್ಬೆರಳು. ಇಬ್ಬರೂ ಫೋನಿನಲ್ಲೇ ಸಾಲುಸಾಲಾಗಿ ಓದಿದೆವು. ಫಿಕ್ಸೆಡ್ ಚಾರ್ಜ್ ಎಲ್ಲಿದೆ, ಯೂನಿಟ್ ಎಷ್ಟು ಅಂತ. ಆಮೇಲೆ ಶೋನಾವ್‌ನ ಕಥೆ ಹೇಳಿದೆ. ಅತ್ತೆ ನಡುವೆ ಒಂದೂ ಮಾತಾಡಲಿಲ್ಲ. ಮುಗಿದ ಮೇಲೆ, "ಆ ಬಾಯಿಗೆ ಐದ ಮಕ್ಕಳು ಅಂದಿ? ಅಷ್ಟರೊಳಗ ಇದನ್ನೂ ಮಾಡಿದಳ?" ಅಂದಳು.

"ಅತ್ತಿ, ನೀ ಸಂಘದ ಸದಸ್ಯೆ. ವಾರ್ಷಿಕ ಸಭೆಗೆ ಹೋಗಬಹುದು, ಕೇಳಬಹುದು," ಅಂದೆ.

"ನಿಮ್ಮ ಮಾಮಾ ಹೋಗ್ತಿದ್ರು. ನಾ ಎಂದೂ ಹೋಗಿಲ್ಲ. ಏನ್ ಕೇಳಬೇಕು ಬರದ ಕಳಸು."

ಎರಡು ಪ್ರಶ್ನೆ ಬರೆದೆ. ಸದಸ್ಯರು ಹಣ ಹಾಕಿ ಸಂಘದ್ದೇ ಒಂದು ಸೋಲಾರ್ ಸ್ಥಾವರ ಮಾಡಬಹುದೇ? ಕರೆಂಟು ಉಳಿಸಿದ ಮನೆಗಳಿಗೆ ಏನಾದರೂ ಉತ್ತೇಜನ ಕೊಡಬಹುದೇ? ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಅವಳೇ ಫೋನ್ ಮಾಡಿದಳು.

"ಮೂರನೇದ್ದು ಬರಿ ತಂಗಿ. ನಮ್ಮೂರ ಸಾಲಿ ಛಾವಣಿ ಬಾಳ ದೊಡ್ಡದೈತಿ. ದಿನಾ ಬಿಸಲ ಬೀಳತೈತಿ, ಯಾರಿಗೂ ಉಪಯೋಗಿಲ್ಲ. ಆ ಚರ್ಚಿನ ಮ್ಯಾಲ ಹಾಕ್ಯಾರಂತ ಹೇಳಿದೆಲ್ಲ, ಹಂಗ ಇದರ ಮ್ಯಾಲೂ ಹಾಕ್ರಿ ಅಂತ ಬರಿ."